ಒಡೆದ ಹಾಲಿನಂತಾದ ನಳಿಕೆ: ನನ್ನ ಅನುಭವ

ಶಿವಮೊಗ್ಗದ ಪುಟ್ಟ ಪ್ರಯೋಗಾಲಯದಲ್ಲಿ ಕುಳಿತು ಹಲ್ಲಿನ ಪಾಚಿಯ ಬ್ಯಾಕ್ಟೀರಿಯಾಗಳು ಪರಸ್ಪರ ಅಂಟುವುದನ್ನು ತೋರಿಸುತ್ತೇನೆ ಎಂದಾಗ, ದುಬಾರಿ ಸೂಕ್ಷ್ಮದರ್ಶಕವಿಲ್ಲದೆ ಆಗದ ಕೆಲಸ ಎಂದವರೇ ಹೆಚ್ಚು. ಆದರೆ 1970ರಲ್ಲಿ ಗಿಬ್ಬನ್ಸ್ ಮತ್ತು ನೈಗಾರ್ಡ್ ಎಂಬ ಸಂಶೋಧಕರು ಎರಡೆರಡು ತಳಿಗಳನ್ನು ಬೆರೆಸಿ ಬರಿಗಣ್ಣಿನಿಂದಲೇ ನೋಡಿದ್ದರು. ನನಗೆ ಅಷ್ಟು ಧೈರ್ಯ ಸಾಕಿತ್ತು.

ಮೊದಲ ಸಲ ಬಿಳಿ ಗಡ್ಡೆ ಕಂಡಾಗ ಹಿಗ್ಗಿದೆ. ಮರುದಿನ ನೋಡಿದರೆ ಒಂದೇ ತಳಿಯಿದ್ದ ನಳಿಕೆಯಲ್ಲೂ ಅದೇ ಗಡ್ಡೆ! ಫಾಸ್ಫೇಟ್ ದ್ರಾವಣಕ್ಕೆ ಕ್ಯಾಲ್ಸಿಯಂ ಹೆಚ್ಚು ಸುರಿದಿದ್ದೆ. ಕೆಳಗಿಳಿದದ್ದು ಕ್ಯಾಲ್ಸಿಯಂ ಫಾಸ್ಫೇಟ್. ಮೂರು ವಾರ ನೀರುಪಾಲು. ಆಷಾಢದ ಮಳೆಗೆ ರಾತ್ರಿಯಿಡೀ ಕರೆಂಟ್ ಹೋಗಿ ಆಮ್ಲಜನಕ ಸಹಿಸದ ಫ್ಯೂಸೋಬ್ಯಾಕ್ಟೀರಿಯಂ ಎಂಬ ಪಾಚಿಯ ಬ್ಯಾಕ್ಟೀರಿಯಾ ಎರಡು ಬಾರಿ ಸತ್ತಿತು. ತಳಿ, ಬೆಳೆಸುವ ಮಾಧ್ಯಮ, ಆಮ್ಲಜನಕ ತೆಗೆಯುವ ಗ್ಯಾಸ್ ಪ್ಯಾಕ್ ಎಲ್ಲ ಸೇರಿ ಸುಮಾರು 40 ಸಾವಿರ ರೂಪಾಯಿ ಕೈಯಿಂದಲೇ ಹೋಯಿತು. ಅನುದಾನದ ಅರ್ಜಿ ಎರಡು ಸಲ ಹಿಂದಿರುಗಿತ್ತು.

ಕೊನೆಗೆ ಫಾಸ್ಫೇಟ್ ಇಲ್ಲದ ಟ್ರಿಸ್ ದ್ರಾವಣಕ್ಕೆ ಬಂದೆ. ಪಿಎಚ್ 8, ಚಿಟಿಕೆಯಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ, ಉಪ್ಪು. ಕೋಶಗಳನ್ನು ಮೂರು ಸಲ ತೊಳೆದು ದಟ್ಟವಾಗಿಯೇ ಇಟ್ಟುಕೊಂಡೆ. ಪಾಚಿಯ ಎರಡು ಬ್ಯಾಕ್ಟೀರಿಯಾಗಳಾದ ಸ್ಟ್ರೆಪ್ಟೊಕಾಕಸ್ ಓರಾಲಿಸ್ ಮತ್ತು ಆಕ್ಟಿನೋಮೈಸಿಸ್ ಬೇರೆ ಬೇರೆ ಇದ್ದಾಗ ತೆಳು ಮಜ್ಜಿಗೆ. ಬೆರೆಸಿ ಹತ್ತು ಸೆಕೆಂಡು ಅಲುಗಿಸಿದರೆ ಒಡೆದ ಹಾಲು, ಮೇಲೆ ತಿಳಿನೀರು. ಗಡ್ಡೆ ಎಷ್ಟು ಕಟ್ಟಿತು ಎಂದು ಸೊನ್ನೆಯಿಂದ ನಾಲ್ಕರವರೆಗೆ ಕೊಡುವ ಅಂಕದಲ್ಲಿ 4ಕ್ಕೆ 4. ಸುಮಾರು 60 ಮಿಲಿಮೋಲಾರ್ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಹಾಕಿದೊಡನೆ ಗಡ್ಡೆ ಕರಗಿ ಮತ್ತೆ ಮಜ್ಜಿಗೆಯಾಯಿತು. ಆಕ್ಟಿನೋಮೈಸಿಸ್ ಅನ್ನು 85 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದರೆ ಅಂಟುವುದೇ ಇಲ್ಲ. ಸ್ಟ್ರೆಪ್ಟೊಕಾಕಸ್ ಕಾಯಿಸಿದರೆ ಏನೂ ವ್ಯತ್ಯಾಸವಿಲ್ಲ. ಕಾವಿಗೆ ಕೆಡುವುದು ಪ್ರೋಟೀನು, ಸಕ್ಕರೆಯಲ್ಲ. ಹಾಗಾಗಿ ಹಿಡಿಯುವ ಪ್ರೋಟೀನಿನ ಕೈ ಆಕ್ಟಿನೋಮೈಸಿಸ್‌ನದು, ಹಿಡಿಸಿಕೊಳ್ಳುವ ಸಕ್ಕರೆ ಸ್ಟ್ರೆಪ್ಟೊಕಾಕಸ್‌ನದು ಎಂಬುದು ಎರಡು ನಳಿಕೆಗಳಲ್ಲೇ ಇತ್ಯರ್ಥವಾಯಿತು. ಅನುಮಾನಿಸಿದವರನ್ನು ಕರೆದು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ.

ನಡುವೆ ಒಂದು ಅಡ್ಡದಾರಿ ಹಿಡಿದೆ. ಊರಲ್ಲಿ ಅಡಿಕೆ ಬೇಯಿಸಿದ ಚೊಗರು ಒಂದು ಬಾಟಲಿ ತಂದು ಹನಿ ಹಾಕಿದರೆ, ಯಾವ ತಳಿಯಾದರೂ ಒಂಟಿಯಾಗಿಯೇ ಗಡ್ಡೆ ಕಟ್ಟಿತು! ಲ್ಯಾಕ್ಟೋಸ್‌ಗೆ ಅದು ಜಗ್ಗಲಿಲ್ಲ. ಟ್ಯಾನಿನ್ ಪ್ರೋಟೀನನ್ನು ಹಿಡಿದು ಕೆಡವುತ್ತದೆ, ಅದನ್ನು ಅಂಟುವಿಕೆ ಎಂದು ಎಣಿಸಬೇಡಿ. ಎಲೆಅಡಿಕೆ ಹಾಕುವವರ ಪಾಚಿಯನ್ನು ನೇರವಾಗಿ ಬಳಸುವವರು ಇದನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು.

ಫ್ಯೂಸೋಬ್ಯಾಕ್ಟೀರಿಯಂ ಮಾತ್ರ ಕೊನೆಯವರೆಗೂ ಸತಾಯಿಸಿತು. ಬತ್ತಿ ಉರಿಸಿ ಆಮ್ಲಜನಕ ತಗ್ಗಿಸುವ ಮೊಂಬತ್ತಿ ಜಾಡಿಯಲ್ಲಲ್ಲದೆ ಮೂರನೆಯ ಬಾರಿ ಅದನ್ನು ಹೇಗೆ ಬದುಕಿಸಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸ್ಟ್ರೆಪ್ಟೊಕಾಕಸ್‌ನೊಂದಿಗೆ ಅದು ಕಟ್ಟಿದ ಗಡ್ಡೆ ಲ್ಯಾಕ್ಟೋಸ್‌ಗೆ ಕದಲಲಿಲ್ಲ. ಆರ್ಜಿನೈನ್ ಎಂಬ ಅಮೈನೋ ಆಮ್ಲ ಹಾಕಿದ ಮೇಲೆ ಬಿಟ್ಟಿತು. ಆ ನಳಿಕೆಯ ಫೋಟೋ ಈಗಲೂ ನನ್ನ ಮೊಬೈಲಿನಲ್ಲಿದೆ.