ಕಾನ್ವೆಂಟಿಗೆ ಸೇರಿಸುವ ಮುನ್ನ: ಮಗುವಿಗೆ ಯಾವ ಪಠ್ಯಕ್ರಮ, ಯಾವ ತರಗತಿ?

ಕಾನ್ವೆಂಟ್, ಫಾದರ್ ಶಾಲೆ, ಮಿಷನ್ ಶಾಲೆ ಎಂದು ನಾವು ಕರೆಯುವುದು ಆಡಳಿತ ಮಂಡಳಿಯನ್ನು ನೋಡಿ. ಅಲ್ಲಿ ಏನು ಕಲಿಸುತ್ತಾರೆ ಎಂಬುದು ಆ ಹೆಸರಿನಿಂದ ಗೊತ್ತಾಗುವುದಿಲ್ಲ. ಬಾಸೆಲ್ ಮಿಷನ್ 1836ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ್ದು ಕನ್ನಡ ಶಾಲೆ. ಬೆಂಗಳೂರಿನ ಬಿಷಪ್ ಕಾಟನ್ ಇಂದು ನಡೆಸುವುದು ಐಸಿಎಸ್‌ಇ. ಎರಡೂ ಕ್ರೈಸ್ತ ಸಂಸ್ಥೆಗಳೇ. ಒಂದೇ ಕಾಂಪೌಂಡಿನೊಳಗೆ ಅನುದಾನಿತ ಕನ್ನಡ ಮಾಧ್ಯಮ ಶಾಲೆಯೂ ಅನುದಾನರಹಿತ ಇಂಗ್ಲಿಷ್ ಮಾಧ್ಯಮ ಶಾಲೆಯೂ ಇರುವ ಕಡೆಗಳಿವೆ. ಹಾಗಾಗಿ ಅರ್ಜಿ ತರುವ ಮೊದಲು ಮೂರು ಪ್ರಶ್ನೆ ಕೇಳಿ: ಬೋರ್ಡ್ ಯಾವುದು, ಮಾಧ್ಯಮ ಯಾವುದು, ಆ ಬೋರ್ಡಿನ ಸಂಯೋಜನೆ (ಅಫಿಲಿಯೇಷನ್, ಅಂದರೆ ಬೋರ್ಡು ಶಾಲೆಗೆ ಕೊಡುವ ಮಾನ್ಯತೆ) ಎಷ್ಟನೇ ತರಗತಿವರೆಗೆ ಸಿಕ್ಕಿದೆ.

ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಫಲಕದಲ್ಲಿ ಸಿಬಿಎಸ್‌ಇ ಎಂದು ಬರೆದು ರಾಜ್ಯದ ಅನುಮತಿಯಲ್ಲಷ್ಟೇ ಶಾಲೆ ನಡೆಯುತ್ತಿದ್ದರೆ, ಹತ್ತನೆಯ ತರಗತಿ ಹತ್ತಿರವಾದಾಗ ಮಕ್ಕಳು ಬೀದಿಗೆ ಬೀಳುತ್ತಾರೆ. ಸಿಬಿಎಸ್‌ಇ ಮತ್ತು ಐಸಿಎಸ್‌ಇ ಮಂಡಳಿಗಳ ಜಾಲತಾಣದಲ್ಲಿ ಶಾಲೆಯ ಹೆಸರು ಹುಡುಕಿ, ಸಂಯೋಜನೆ ಸಂಖ್ಯೆ ತಾಳೆ ನೋಡಿ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಡೈಸ್ ಕೋಡ್ (ಪ್ರತಿ ಶಾಲೆಗೂ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಬರೆದುಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಐದು ನಿಮಿಷದ ಕೆಲಸ.

ಮೂರು ಬೋರ್ಡುಗಳ ನಿಜವಾದ ವ್ಯತ್ಯಾಸ

‘ಐಸಿಎಸ್‌ಇ ಕಷ್ಟ, ಸ್ಟೇಟ್ ಸುಲಭ’ ಎಂಬ ಮಾತಿನಿಂದ ನಿರ್ಧಾರಕ್ಕೆ ಏನೂ ಉಪಯೋಗವಿಲ್ಲ. ಎಲ್ಲಿ ಕಷ್ಟ ಎಂದು ತಿಳಿಯಬೇಕು. ಕರ್ನಾಟಕದ ಪ್ರೌಢಶಾಲೆಯ ಗಣಿತ ಮತ್ತು ವಿಜ್ಞಾನ, ಸಿಬಿಎಸ್‌ಇಯಲ್ಲಿ ಬಳಸುವ ಎನ್‌ಸಿಇಆರ್‌ಟಿ (ಕೇಂದ್ರದ ಪಠ್ಯಪುಸ್ತಕ ಸಂಸ್ಥೆ) ಪಠ್ಯವನ್ನೇ ಆಧರಿಸಿವೆ. ಹಾಗಾಗಿ ರಾಜ್ಯ ಪಠ್ಯಕ್ರಮದಿಂದ ಸಿಬಿಎಸ್‌ಇಗೆ ಹೋಗುವ ಮಗುವಿಗೆ ಈ ಎರಡು ವಿಷಯಗಳಲ್ಲಿ ತೊಡಕು ಕಡಿಮೆ; ತಡಕಾಡುವುದು ಸಮಾಜ ವಿಜ್ಞಾನದಲ್ಲಿ, ಭಾಷೆಗಳಲ್ಲಿ. ಐಸಿಎಸ್‌ಇಯ ಮಾತು ಬೇರೆ. ಅಲ್ಲಿ ಹತ್ತನೆಯ ತರಗತಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನಕ್ಕೆ ಮೂರು ಪ್ರತ್ಯೇಕ ಪತ್ರಿಕೆ. ಇಂಗ್ಲಿಷಿಗೆ ವ್ಯಾಕರಣ–ಬರವಣಿಗೆಯದೊಂದು, ಸಾಹಿತ್ಯದ್ದೊಂದು. ಗಣಿತದಲ್ಲಿ ಜಿಎಸ್‌ಟಿ, ಆರ್‌ಡಿ ಖಾತೆಯ ಬಡ್ಡಿ, ಷೇರು–ಲಾಭಾಂಶ, ಮ್ಯಾಟ್ರಿಕ್ಸ್ ಬರುತ್ತವೆ. ಬೇರೆ ಬೋರ್ಡಿನಿಂದ ಬರುವುದಾದರೆ ಆರನೆಯ ತರಗತಿಯೇ ಸರಿಯಾದ ಬಾಗಿಲು. ವಿಜ್ಞಾನ ಮೂರಾಗಿ ಒಡೆಯುವ ಹೊತ್ತಿಗೆ ಮಗು ಒಳಗಿರುತ್ತದೆ. ಎಂಟಕ್ಕೆ ಬಂದರೆ ಎರಡು ವರ್ಷದ ಪಾಠ ಹಿಂದಿನಿಂದ ಕಲಿಯಬೇಕು.

ಒಂಬತ್ತು ಮುಗಿದ ಮೇಲೆ ಬದಲಿಸುವ ಯೋಚನೆ ಮಾತ್ರ ಬೇಡ. ಸಿಬಿಎಸ್‌ಇ, ಐಸಿಎಸ್‌ಇ ಎರಡರಲ್ಲೂ ಪರೀಕ್ಷೆಯ ನೋಂದಣಿ ಒಂಬತ್ತರಲ್ಲೇ ಆಗುತ್ತದೆ. ನೇರವಾಗಿ ಹತ್ತಕ್ಕೆ ಸೇರಲು ಮಂಡಳಿಯ ಅನುಮತಿ ಬೇಕು, ಅದು ಸುಮ್ಮನೆ ಸಿಗುವುದಿಲ್ಲ.

ವಯಸ್ಸಿನ ಲೆಕ್ಕ

ಒಂದನೆಯ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬುದು ರಾಜ್ಯದ ನಿಯಮ. 2025–26ರಲ್ಲಿ ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳಿಗೆ ಸಡಿಲಿಕೆ ಕೊಟ್ಟಿದ್ದರು. ಸಡಿಲಿಕೆಯನ್ನು ನಂಬಿಕೊಂಡು ಎಲ್‌ಕೆಜಿಗೆ ಬೇಗ ಸೇರಿಸಬೇಡಿ. ಆಯಾ ವರ್ಷದ ಆದೇಶವನ್ನೇ ನೋಡಿ. ಜೂನ್ 1ಕ್ಕೆ ಎಲ್‌ಕೆಜಿಗೆ 4, ಯುಕೆಜಿಗೆ 5 ಎಂದು ಹಿಂದಿನಿಂದ ಲೆಕ್ಕ ಹಾಕಿದರೆ ಮುಂದೆ ಒಂದು ವರ್ಷ ಕೂರಿಸುವ ಪ್ರಸಂಗ ಬರುವುದಿಲ್ಲ.

ಪ್ರವೇಶ ಪರೀಕ್ಷೆ ಏಕೆ ಇರುತ್ತದೆ, ಮನೆಯಲ್ಲೇ ನೋಡುವುದು ಹೇಗೆ

ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಮಗುವನ್ನು ಪರೀಕ್ಷೆ ಮಾಡಿ ಆರಿಸುವುದನ್ನು ನಿಷೇಧಿಸುತ್ತದೆ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕೆನ್ನುತ್ತದೆ. ಆದರೆ 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಆ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಪ್ರಶ್ನಿಸಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿದೆ. ಅಲ್ಪಸಂಖ್ಯಾತ ಮಾನ್ಯತೆ ಇರುವ ಕ್ರೈಸ್ತ ಶಾಲೆ ಮಗುವಿನ ಮಟ್ಟ ನೋಡಿ ‘ಒಂದು ತರಗತಿ ಕೆಳಗೆ ಕೂರಲಿ’ ಎಂದರೆ ಈ ಹಿನ್ನೆಲೆ ತಿಳಿದಿರಲಿ. ಅದಕ್ಕೂ ಮೊದಲು ಮಟ್ಟ ನಿಮಗೇ ಗೊತ್ತಿರಲಿ.

ಉದಾಹರಣೆಗೆ ಆರನೆಯ ತರಗತಿಗೆ ಸೇರಿಸುವುದಾದರೆ, ಆ ಶಾಲೆಯಲ್ಲಿ ಬಳಸುವ ಐದನೆಯ ತರಗತಿಯ ಇಂಗ್ಲಿಷ್ ಪುಸ್ತಕ ತನ್ನಿ. ನಿಮ್ಮ ಈಗಿನ ಶಾಲೆಯದಲ್ಲ. ಕೊನೆಯ ಪಾಠಗಳಿಂದ ಮಗು ಓದಿರದ ಸುಮಾರು 100 ಪದಗಳ ಭಾಗವೊಂದನ್ನು ಗಟ್ಟಿಯಾಗಿ ಓದಿಸಿ, ತಪ್ಪಿದ ಪದಗಳಿಗೆ ಗೆರೆ ಎಳೆಯುತ್ತಾ ಹೋಗಿ. ಐದರೊಳಗೆ ತಪ್ಪಿದರೆ ಶಿಕ್ಷಕರ ನೆರವಿನಲ್ಲಿ ಆ ಪುಸ್ತಕ ಓದಬಲ್ಲದು. ಹತ್ತು ದಾಟಿದರೆ ಆ ಪುಸ್ತಕ ಇನ್ನೂ ಭಾರ. ಓದಿದ ಮೇಲೆ ‘ಏನಾಯಿತು’ ಎಂದು ಎರಡು ಪ್ರಶ್ನೆ, ‘ಯಾಕೆ’ ಎಂದು ಒಂದು ಪ್ರಶ್ನೆ ಕೇಳಿ, ಆಮೇಲೆ ಇಡೀ ಭಾಗವನ್ನು ಕನ್ನಡದಲ್ಲಿ ಹೇಳಿಸಿ. ಪಟಪಟನೆ ಓದಿ ಅರ್ಥ ಹೇಳಲಾಗದ ಮಕ್ಕಳು ಬಹಳ, ಸಂದರ್ಶನದಲ್ಲಿ ಇದು ತಪ್ಪಿಸಿಕೊಳ್ಳುತ್ತದೆ, ಸಮಾಜ ವಿಜ್ಞಾನದ ಮೊದಲ ಕಿರುಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಗಣಿತಕ್ಕೆ ಹತ್ತು ಲೆಕ್ಕ ಸಾಕು. ಬೇರೆ ಬೇರೆ ಛೇದದ ಭಿನ್ನರಾಶಿ ಕೂಡುವುದು, ನಾಲ್ಕಂಕಿಯ ಸಂಖ್ಯೆಯನ್ನು ಎರಡಂಕಿಯಿಂದ ಭಾಗಿಸುವುದು, ದಶಮಾಂಶ, ಸುತ್ತಳತೆ–ವಿಸ್ತೀರ್ಣ, ಮಾತಿನ ಲೆಕ್ಕ: ತಲಾ ಎರಡು. ಅಂಕ ಎಣಿಸುವ ಮೊದಲು ತಪ್ಪಿನ ಬಗೆ ನೋಡಿ. ಕ್ರಮ ಸರಿ ಇದ್ದು ಕೂಡುವಲ್ಲಿ ಎಡವಿದ್ದರೆ ಚಿಂತೆಯಿಲ್ಲ. ಛೇದ ಛೇದಗಳನ್ನೇ ಕೂಡಿಟ್ಟಿದ್ದರೆ ಭಿನ್ನರಾಶಿ ತಲೆಗೆ ಹತ್ತಿಲ್ಲ ಎಂದರ್ಥ. ಅದು ಹತ್ತದೆ ಆರು, ಏಳನೆಯ ತರಗತಿಯ ಬೀಜಗಣಿತ ನಿಲ್ಲುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ ಆರು ವಾರ ಅದೊಂದನ್ನೇ ಮಾಡಿಸಿ.

ಕನ್ನಡ ಮಾಧ್ಯಮದಿಂದ ಬರುವ ಮಕ್ಕಳಿಗೆ ಆಗುವ ಅನ್ಯಾಯ ಇಲ್ಲೇ. ಲೆಕ್ಕ ಬರುತ್ತದೆ, ಪ್ರಶ್ನೆಯ ಇಂಗ್ಲಿಷ್ ಅರ್ಥವಾಗುವುದಿಲ್ಲ. ‘ಗಣಿತದಲ್ಲಿ ಹಿಂದೆ’ ಎಂದು ಬರೆದು ಕೆಳಗಿನ ತರಗತಿಗೆ ಕಳಿಸುತ್ತಾರೆ. ಲೆಕ್ಕವನ್ನು ಬಾಯಲ್ಲಿ ಕನ್ನಡದಲ್ಲೇ ಕೇಳಿ ನೋಡಿ ಎಂದು ಮುಖ್ಯೋಪಾಧ್ಯಾಯರನ್ನು ವಿನಂತಿಸಿ. ಭಾಷೆಯ ಕೊರತೆಗೆ ಮದ್ದು ಭಾಷೆಯ ಪಾಠ. ಗೊತ್ತಿರುವ ಲೆಕ್ಕವನ್ನು ಇನ್ನೊಂದು ವರ್ಷ ಮಾಡಿಸುವುದು ಮದ್ದಲ್ಲ. ಆದರೂ ಕೆಳಗೆ ಕೂರಿಸುವುದೇ ಎಂದಾದರೆ, ಪಾಸಾಗಿದೆ ಎಂದು ಎಸ್‌ಎಟಿಎಸ್‌ನಲ್ಲಿ (ವಿದ್ಯಾರ್ಥಿಗಳ ವಿವರ ಇಡುವ ರಾಜ್ಯದ ಆನ್‌ಲೈನ್ ದಾಖಲೆ) ದಾಖಲಾದ ತರಗತಿಗೇ ಮತ್ತೆ ಸೇರಿಸುವುದನ್ನು ಹೇಗೆ ನಮೂದಿಸುತ್ತೀರಿ ಎಂದು ಮೊದಲೇ ಕೇಳಿ.

ಭಾಷೆಯ ಆಯ್ಕೆ

2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ರಾಜ್ಯದ ಎಲ್ಲ ಶಾಲೆಗಳೂ, ಬೋರ್ಡ್ ಯಾವುದೇ ಇರಲಿ, ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕು. ರಾಜ್ಯ ಪಠ್ಯಕ್ರಮದಲ್ಲಿ ಇದು ಅಂಕದ ಪ್ರಶ್ನೆಯೂ ಹೌದು: ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ದ್ವಿತೀಯ ಭಾಷೆಗೆ 100. ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆಯವರಿಗೆ ‘ಸಿರಿ ಕನ್ನಡ’, ದ್ವಿತೀಯ ಭಾಷೆಯವರಿಗೆ ‘ತಿಳಿ ಕನ್ನಡ’. ಮೊದಲಿನದರಲ್ಲಿ ಹಳಗನ್ನಡ, ಛಂದಸ್ಸು, ಅಲಂಕಾರ ಬರುತ್ತವೆ. ಮನೆಮಾತು ಕನ್ನಡವಾಗಿ ಏಳನೆಯವರೆಗೆ ಚೆನ್ನಾಗಿ ಓದಿದ ಮಗು ಅದನ್ನು ಬಿಡಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಆದರೆ ಎಷ್ಟೋ ಕಾನ್ವೆಂಟುಗಳಲ್ಲಿ ಪ್ರಥಮ ಭಾಷೆ ಇಂಗ್ಲಿಷ್ ಒಂದೇ. ಮೊದಲೇ ಕೇಳದಿದ್ದರೆ ಎಂಟನೆಯ ತರಗತಿಯ ಜೂನ್‌ನಲ್ಲಿ ಗೊತ್ತಾಗುತ್ತದೆ. ಮಂಗಳೂರಿನ ಕಡೆಯ ಕೆಲವು ಶಾಲೆಗಳಲ್ಲಿ ಹಿಂದಿಯ ಬದಲು ಕೊಂಕಣಿ ಅಥವಾ ತುಳುವನ್ನು ಮೂರನೆಯ ಭಾಷೆಯಾಗಿ ಓದಬಹುದು. ಕೆಲವು ಸಿಬಿಎಸ್‌ಇ ಶಾಲೆಗಳಲ್ಲಿ ಕನ್ನಡ ಪಾಠವಿದ್ದರೂ ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ ಇರುವುದಿಲ್ಲ.

ಧರ್ಮೋಪದೇಶ ಮತ್ತು ನೀತಿಪಾಠ

ಕಥೋಲಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಒಂದೇ ಪೀರಿಯಡ್ಡಿನಲ್ಲಿ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ಮೌಲ್ಯಶಿಕ್ಷಣ. ಸಂವಿಧಾನದ 28(3)ನೇ ವಿಧಿಯಂತೆ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಅರ್ಜಿಯಲ್ಲಿ ಒಪ್ಪಿಗೆಯ ಸಾಲು ಇದ್ದರೆ ಓದಿ ಸಹಿ ಮಾಡಿ.

ಕಾಗದಪತ್ರ

ಜನನ ಪ್ರಮಾಣಪತ್ರ, ಹಿಂದಿನ ಅಂಕಪಟ್ಟಿ, ಎಸ್‌ಎಟಿಎಸ್ ಸಂಖ್ಯೆ, ಆಧಾರ್. ಕ್ರೈಸ್ತರಿಗೆ ಮೀಸಲಾದ ಸೀಟು ಕೇಳುವವರು ಜ್ಞಾನಸ್ನಾನದ ಪ್ರಮಾಣಪತ್ರ, ತಮ್ಮ ಚರ್ಚಿನ ಗುರುಗಳ ಪತ್ರವನ್ನು ಇಟ್ಟುಕೊಳ್ಳಿ. ಎಲ್ಲದರಲ್ಲೂ ಹೆಸರಿನ ಅಕ್ಷರ, ಇನಿಷಿಯಲ್, ತಂದೆತಾಯಿಯ ಹೆಸರು ಒಂದೇ ಇರಬೇಕು. ವ್ಯತ್ಯಾಸವಿದ್ದರೆ ಒಂಬತ್ತನೆಯ ತರಗತಿಯ ಮೊದಲೇ ತಿದ್ದಿಸಿ. ನೋಂದಣಿಯಲ್ಲಿ ಹೋದದ್ದೇ ಹತ್ತನೆಯ ಅಂಕಪಟ್ಟಿಯಲ್ಲಿ ಅಚ್ಚಾಗುತ್ತದೆ. ಟಿಸಿಯನ್ನು ಎಲ್ಲಕ್ಕಿಂತ ಕೊನೆಗೆ ತೆಗೆಯಿರಿ. ಹೊಸ ಶಾಲೆಯವರು ತರಗತಿ, ಪ್ರಥಮ ಭಾಷೆ ಯಾವುದು ಎಂದು ಬರೆದು ಶುಲ್ಕದ ರಸೀದಿ ಕೊಟ್ಟ ಮೇಲೆ ಹಳೆ ಶಾಲೆಗೆ ಟಿಸಿ ಅರ್ಜಿ ಕೊಡಿ.