ಕಬ್ಬಿನ ಕಾಟಾದಲ್ಲಿ ಡಿಪೆಂಡೆಂಟ್ ಟೈಪ್: ಶುರು ಮಾಡುವುದು ಹೇಗೆ

ಡಿಪೆಂಡೆಂಟ್ ಟೈಪ್, ಅಂದರೆ ಒಂದು ಬೆಲೆಯನ್ನು (ವ್ಯಾಲ್ಯೂ) ಅವಲಂಬಿಸಿದ ಟೈಪ್, ಕಲಿಯಲು ಕೂತವರಿಗೆ ಮೊದಲು ಸಿಗುವ ಉದಾಹರಣೆ ಉದ್ದ ಗೊತ್ತಿರುವ ಪಟ್ಟಿ. 3ರ ಪಟ್ಟಿಗೆ 4ರ ಪಟ್ಟಿ ಜೋಡಿಸಿದರೆ 7ರ ಪಟ್ಟಿ, ಅದು ಟೈಪಿನಲ್ಲೇ ಬರೆದಿರುತ್ತದೆ. ಚೆನ್ನಾಗಿದೆ. ಆದರೆ ನಮ್ಮ ದಿನದ ಕೆಲಸದಲ್ಲಿ ಪಟ್ಟಿಯ ಉದ್ದ ತಪ್ಪಿ ಯಾರಿಗಾದರೂ ನಷ್ಟವಾಗುವುದು ಅಪರೂಪ. ನಾನು ಬೆಳಗಾವಿಯಲ್ಲಿ ಕೂತು ಸಕ್ಕರೆ ಕಾರ್ಖಾನೆಗಳ ಕಾಟಾಕ್ಕೆ ಸಾಫ್ಟ್‌ವೇರ್ ಬರೆಯುತ್ತೇನೆ. ಅಥಣಿ ಕಡೆ ನಮ್ಮ ಮನೆಯ ಕಬ್ಬೂ ಇದೆ. ಅಲ್ಲಿ ರೈತನ ವರ್ಷದ ದುಡಿಮೆ ಒಂದು ತೂಕದ ಚೀಟಿಯಲ್ಲಿ ಇರುತ್ತದೆ. ಅದಕ್ಕೇ ನನ್ನ ಸಲಹೆ ಇದು: ತಪ್ಪಾದರೆ ಯಾರದೋ ದುಡ್ಡು ಹೋಗುವ ಜಾಗ ನಿಮ್ಮ ಪ್ರೋಗ್ರಾಮಿನಲ್ಲಿ ಯಾವುದು ಅಂತ ಹುಡುಕಿ. ಡಿಪೆಂಡೆಂಟ್ ಟೈಪನ್ನು ಮೊದಲು ಅಲ್ಲಿಗೆ ಮಾತ್ರ ತನ್ನಿ.

ಕಾಟಾದ ಕೆಲಸ ಸರಳ. ಕಬ್ಬು ತುಂಬಿದ ಗಾಡಿ ಮೊದಲು ಏರುತ್ತದೆ, ಅದು ಭರ್ತಿ ತೂಕ. ಕಬ್ಬು ಇಳಿಸಿ ಬಂದ ಮೇಲೆ ಖಾಲಿ ತೂಕ. ಕಳೆದರೆ ನಿವ್ವಳ ತೂಕ. ಹಂಗಾಮು ಜೋರಾದಾಗ ರಾತ್ರಿಯಿಡೀ ಡಬಲ್ ಟ್ರಾಲಿಯ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿರುತ್ತವೆ. ಒಂದು ಗಾಡಿಯ ಭರ್ತಿ ತೂಕಕ್ಕೆ ಇನ್ನೊಂದರ ಖಾಲಿ ತೂಕ ಸೇರಿಬಿಟ್ಟರೆ ಇಬ್ಬರು ರೈತರ ಲೆಕ್ಕ ಕೆಡುತ್ತದೆ. ಎರಡೂ ಬರೀ ಸಂಖ್ಯೆಗಳಾದ್ದರಿಂದ ಮಾಮೂಲಿ ಟೈಪ್ ಇದನ್ನು ತಡೆಯುವುದಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಮುಟ್ಟಿಸಿದ 14 ದಿನದೊಳಗೆ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಆದರೆ ಚೀಟಿಯೇ ತಪ್ಪಾಗಿದ್ದರೆ ರೈತ ಏನನ್ನು ತೋರಿಸಿ ಕೇಳಬೇಕು?

ಮೊದಲ ಹೆಜ್ಜೆ: ಗಾಡಿಯ ನಂಬರನ್ನೇ ಟೈಪಿನೊಳಗೆ ಹಾಕಿ. ನಾನು ಬಳಸುವುದು ಇಡ್ರಿಸ್ 2, ಎಡ್ವಿನ್ ಬ್ರೇಡಿ ರೂಪಿಸಿದ ಭಾಷೆ. ಓದಲು ಸುಲಭವಾಗಲಿ ಅಂತ ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ. ನಿಮ್ಮ ಫೈಲಿನಲ್ಲಿ ಕೀವರ್ಡ್‌ಗಳೂ ಲೈಬ್ರರಿಯ ಹೆಸರುಗಳೂ ಇಂಗ್ಲಿಷಿನಲ್ಲೇ ಇರಬೇಕು.

ಭರ್ತಿತೂಕ : ಗಾಡಿನಂಬರ್ -> ಟೈಪ್
ಖಾಲಿತೂಕ : ಗಾಡಿನಂಬರ್ -> ಟೈಪ್
ನಿವ್ವಳ : ಭರ್ತಿತೂಕ ಗ -> ಖಾಲಿತೂಕ ಗ -> ಮೇಬಿ ಕಿಲೋ

ಮೊದಲ ಎರಡು ಸಾಲು ಒಂದೊಂದು ಗಾಡಿಯ ನಂಬರಿಗೂ ಅದರದೇ ಟೈಪ್ ಕೊಡುತ್ತವೆ. ‘ಮೇಬಿ’ ಅಂದರೆ ಉತ್ತರ ಸಿಗಬಹುದು, ಸಿಗದೆಯೂ ಇರಬಹುದು. ಕೊನೆಯ ಸಾಲಿನಲ್ಲಿ ‘ಗ’ ಎರಡು ಸಲ ಬಂದಿದೆ ನೋಡಿ. ಜೀವ ಇರುವುದು ಅಲ್ಲೇ. ಎರಡೂ ತೂಕ ಒಂದೇ ಗಾಡಿಯವು ಅಂತ ತೋರಿಸದೆ ಈ ಫಂಕ್ಷನ್ನನ್ನು ಕರೆಯಲು ಆಗುವುದೇ ಇಲ್ಲ, ಕಂಪೈಲರ್ ಬಿಡುವುದಿಲ್ಲ. ಗಾಡಿಯ ನಂಬರ್ ಪ್ರೋಗ್ರಾಮ್ ಬರೆಯುವಾಗ ಯಾರಿಗೂ ಗೊತ್ತಿರುವುದಿಲ್ಲ, ಅದು ಗೇಟಿನಲ್ಲಿ ಹುಟ್ಟುವ ಮಾಹಿತಿ. ಪ್ರೋಗ್ರಾಮ್ ಓಡುವಾಗ ಬರುವ ಬೆಲೆಯನ್ನೇ ಟೈಪ್ ಹಿಡಿದುಕೊಳ್ಳುತ್ತದೆ. ನನಗೆ ಈ ವಿದ್ಯೆ ಇಷ್ಟವಾದದ್ದೇ ಇದಕ್ಕೆ.

ಹಾಗಾದರೆ ಡೇಟಾಬೇಸಿನಿಂದ ಬಂದ ಸಾಲಿಗೆ ಏನು ಮಾಡುವುದು? ಅಲ್ಲಿ ಬರುವುದು ಸುಮ್ನೆ ಅಕ್ಷರ, ಅಂಕಿ. ಓದುವ ಫಂಕ್ಷನ್ ಒಂದು ಜೋಡಿಯನ್ನು ಕೊಡಲಿ: ಗಾಡಿಯ ನಂಬರ್, ಜೊತೆಗೆ ಅದೇ ನಂಬರಿನ ತೂಕ. ಡಿಪೆಂಡೆಂಟ್ ಪೇರ್ ಅನ್ನುವುದು ಇದಕ್ಕೇ. ಎರಡು ಜೋಡಿಗಳು ಕೈಗೆ ಬಂದಾಗ ನಂಬರ್‌ಗಳನ್ನು ‘ಡೆಕ್‌ಈಕ್ಯೂ’ ಮೂಲಕ ಹೋಲಿಸಿ. ಸಾದಾ ಹೋಲಿಕೆ ಹೌದು-ಅಲ್ಲ ಅಷ್ಟೇ ಹೇಳುತ್ತದೆ, ಆಮೇಲೆ ಕಂಪೈಲರ್ ಅದನ್ನು ಮರೆತುಬಿಡುತ್ತದೆ. ಡೆಕ್‌ಈಕ್ಯೂ ಹೌದು ಅಂದಾಗ ಎರಡೂ ಒಂದೇ ಅನ್ನುವ ಪುರಾವೆಯನ್ನೂ ಕೈಗಿಡುತ್ತದೆ. ಅದನ್ನು ‘ರೆಫ್ಲ್’ ಅಂತ ಬಿಡಿಸಿದ ಕೂಡಲೇ ಎರಡು ಹೆಸರುಗಳು ಒಂದಾಗುತ್ತವೆ, ನಿವ್ವಳ ತೆಗೆಯಲು ದಾರಿ ಸಿಗುತ್ತದೆ. ಅಲ್ಲ ಅಂದರೆ? ಆ ಕವಲನ್ನೂ ನೀವು ಬರೆಯಲೇಬೇಕು. ಕಾಟಾದ ಹುಡುಗನ ಪರದೆ ಮೇಲೆ ‘ಗಾಡಿ ಬೇರೆ’ ಅಂತ ಕೆಂಪಗೆ ಬರಲಿ, ಚೀಟಿ ಮಾತ್ರ ಮುದ್ರಣವಾಗದಿರಲಿ. ಈ ಹೋಲಿಕೆ ಅಂಚಿನಲ್ಲಿ ಒಂದೇ ಸಲ ನಡೆದರೆ ಸಾಕು. ಒಳಗಿನ ಬಿಲ್ಲು, ಕಟಾವು ಗ್ಯಾಂಗಿನ ಕೂಲಿ, ಸಾಗಾಣಿಕೆ ಬಾಡಿಗೆ ಎಲ್ಲವೂ ಆ ಪುರಾವೆಯ ಮೇಲೆ ನಿಲ್ಲುತ್ತವೆ.

ಬರೆಯುವಾಗ ಒಂದೇ ಏಟಿಗೆ ಎಲ್ಲ ತುಂಬಿಸಲು ಹೋಗಬೇಡಿ. ಗೊತ್ತಾಗದ ಕಡೆ ಪ್ರಶ್ನೆ ಚಿಹ್ನೆ ಹಾಕಿ ಒಂದು ಹೆಸರು ಕೊಡಿ, ‘?ಬಾಕಿ’ ಅಂತ. ಕಂಪೈಲರ್‌ಗೆ ಆ ತೂತಿನ ಬಗ್ಗೆ ಕೇಳಿದರೆ ಕೈಯಲ್ಲಿ ಏನೇನಿದೆ, ಅಲ್ಲಿ ಯಾವ ಟೈಪ್ ಬೇಕು ಎರಡನ್ನೂ ತೋರಿಸುತ್ತದೆ. ಇದನ್ನು ರೂಢಿ ಮಾಡಿಕೊಂಡವರಿಗೆ ಅರ್ಧ ಹೆದರಿಕೆ ಹೋಗುತ್ತದೆ.

ಈಗ ಕಳೆಯುವ ಲೆಕ್ಕ. ಇಡ್ರಿಸ್‌ನ ‘ನ್ಯಾಟ್’ (ಸೊನ್ನೆ ಮತ್ತು ಅದಕ್ಕಿಂತ ದೊಡ್ಡ ಪೂರ್ಣಾಂಕ) ಮೇಲಿನ ‘ಮೈನಸ್’ ಚಿಕ್ಕದರಿಂದ ದೊಡ್ಡದನ್ನು ಕಳೆದರೆ ತಕರಾರಿಲ್ಲದೆ ಸೊನ್ನೆ ಕೊಡುತ್ತದೆ. ಕಾಟಾದಲ್ಲಿ ಇದು ಅಪಾಯ, ಅಲ್ವಾ? ಖಾಲಿ ತೂಕ ಭರ್ತಿಗಿಂತ ಜಾಸ್ತಿ ಇಲ್ಲ ಅನ್ನುವ ಪುರಾವೆಯನ್ನು ಕೇಳಿಯೇ ಕಳೆಯಿರಿ. ಪುಸ್ತಕದ ದಾರಿ ‘ಚಿಕ್ಕದು ಅಥವಾ ಸಮ’ ಅಂತ ಹೇಳುವ ಟೈಪ್, ‘ಎಲ್‌ಟಿಇ’. ಆದರೆ ಅದು ಒಂದೊಂದೇ ಮೆಟ್ಟಿಲು ಕಟ್ಟುವ ಪುರಾವೆ. 30,000 ಕಿಲೋ ಅಂದರೆ ಅಷ್ಟೇ ಉದ್ದ ಏರಬೇಕು. ದೊಡ್ಡ ಅಂಕಿಗಳಿಗೆ ನನ್ನ ಮತ ‘ಸೋ’ (ಹೋಲಿಕೆಯ ಉತ್ತರ ಹೌದು ಅನ್ನುವುದಕ್ಕೆ ಪುರಾವೆ) ಪರ: ಸಾದಾ ಪೂರ್ಣಾಂಕಗಳನ್ನು ಮಾಮೂಲಿಯಾಗಿ ಹೋಲಿಸಿ, ‘ಚೂಸ್’ ಫಂಕ್ಷನ್ನಿನಿಂದ ಪುರಾವೆ ಪಡೆಯಿರಿ. ಗಣಿತದವರಿಗೆ ಇದು ಸಪ್ಪೆ ಅನ್ನಿಸಬಹುದು. ಕಾಟಾಕ್ಕೆ ಸಾಕು. ಪುರಾವೆಯ ಮುಂದೆ 0 ಅಂತ ಬರೆದರೆ ಅದು ಪರಿಶೀಲನೆಗೆ ಮಾತ್ರ, ಓಡುವ ಪ್ರೋಗ್ರಾಮಿನಲ್ಲಿ ಉಳಿಯುವುದಿಲ್ಲ.

ಟೈಪಿನಲ್ಲಿ ಕೂಡಿಸುವ ಲೆಕ್ಕ ಬಂದರೆ ‘1 + ಎನ್’ ಅಂತ ಬರೆಯಿರಿ, ‘ಎನ್ + 1’ ಅಂತ ಬೇಡ. ಕೂಡಿಸುವ ಫಂಕ್ಷನ್ ಎಡಗಡೆಯ ಸಂಖ್ಯೆಯನ್ನು ಬಿಡಿಸುತ್ತಾ ಹೋಗುತ್ತದೆ. ಮೊದಲನೆಯದು ತಾನಾಗಿ ಸರಳವಾಗುತ್ತದೆ, ಎರಡನೆಯದಕ್ಕೆ ನೀವು ಪುರಾವೆ ಬರೆದು, ಅದರಿಂದ ಟೈಪನ್ನು ಬದಲಿಸಬೇಕು (‘ರೀರೈಟ್’). ಅಂಥ ಪುರಾವೆಗಳು ಪದೇ ಪದೇ ಬೇಕಾಗುತ್ತಿದ್ದರೆ ಟೈಪಿನಲ್ಲಿ ಜಾಸ್ತಿ ತುಂಬಿಸಿದ್ದೀರಿ ಅಂತಲೇ ಅರ್ಥ. ಒಂದಿಷ್ಟು ಹೊರಗೆ ತೆಗೆಯಿರಿ.

ತಂಡದಲ್ಲಿ ಈಗಾಗಲೇ ಹ್ಯಾಸ್ಕೆಲ್ ಇದ್ದರೆ ಭಾಷೆ ಬದಲಿಸಬೇಡಿ. 2012ರ ಹ್ಯಾಸ್ಕೆಲ್ ಕಂಪೈಲರ್ ಜಿಎಚ್‌ಸಿ 7.4ರಲ್ಲಿ ಬಂದ ಡೇಟಾಕೈಂಡ್ಸ್ (ಡೇಟಾದ ಬೆಲೆಗಳನ್ನು ಟೈಪಿನಲ್ಲಿ ಬಳಸಲು ಬಿಡುವ ಸೌಲಭ್ಯ) ಮತ್ತು ಅದಕ್ಕೂ ಹಳೆಯ ಜಿಎಡಿಟಿ (ಕಟ್ಟುವ ರೀತಿಗೆ ತಕ್ಕ ಟೈಪ್ ಸಿಗುವ ಡೇಟಾ) ಸೇರಿದರೆ ಚೀಟಿಯ ಹಂತಗಳನ್ನು ಟೈಪಿಗೆ ತರಬಹುದು: ಗೇಟ್, ಭರ್ತಿ, ಖಾಲಿ, ಬಿಲ್ಲು. ಖಾಲಿ ತೂಕವಾಗದ ಚೀಟಿಗೆ ಬಿಲ್ಲು ಆಗುವುದಿಲ್ಲ. ಗಾಡಿ ನಂಬರಿನಂಥ ಓಡುವಾಗಿನ ಬೆಲೆಗೆ ಅಲ್ಲಿ ಕಸರತ್ತು ಜಾಸ್ತಿ, ಅದನ್ನು ಆಮೇಲೆ ನೋಡಿಕೊಳ್ಳಿ.

ಒಂದೇ ಚೀಟಿಗೆ ಎರಡು ಬಿಲ್ಲು ಆಗುವುದನ್ನು ಇಡ್ರಿಸ್ 2ರಲ್ಲಿ ಚೀಟಿಯ ಮುಂದೆ 1 ಹಾಕಿ ತಡೆಯಬಹುದು, ಆಗ ಅದನ್ನು ಸರಿಯಾಗಿ ಒಂದೇ ಸಲ ಬಳಸಬೇಕು. ಆದರೆ ಈ ಕಾವಲು ಒಂದು ಪ್ರೋಗ್ರಾಮಿನ ಒಳಗೆ ಮಾತ್ರ. ಕರೆಂಟ್ ಹೋಗಿ ಕಂಪ್ಯೂಟರ್ ಮತ್ತೆ ಶುರುವಾದರೆ ಟೈಪಿಗೆ ಹಳೆಯದು ನೆನಪಿರುವುದಿಲ್ಲ. ಡೇಟಾಬೇಸಿನಲ್ಲಿ ಚೀಟಿ ನಂಬರಿಗೆ ಯೂನಿಕ್ ಕೀ (ಒಂದೇ ನಂಬರ್ ಎರಡು ಸಲ ಬರದಂತೆ ತಡೆಯುವ ನಿಯಮ) ಇರಲೇಬೇಕು.

ಕೋಡ್ ಕಾರ್ಖಾನೆಗೆ ಹೋಗುವ ಮುಂಚೆ ಎರಡು ಕೆಲಸ ಮಾಡಿ. ಫೈಲಿನ ತಲೆಯಲ್ಲಿ ‘ಡಿಫಾಲ್ಟ್ ಟೋಟಲ್’ ಸಾಲು ಹಾಕಿ, ಮುಗಿಯದ ಫಂಕ್ಷನ್ನಿನಿಂದ ಸುಳ್ಳು ಪುರಾವೆ ಹುಟ್ಟುವುದು ನಿಲ್ಲುತ್ತದೆ. ಆಮೇಲೆ ‘ಬಿಲೀವ್_ಮೀ’ ಅಂತ ಹುಡುಕಿ. ಕಂಪೈಲರ್ ಬಾಯಿ ಮುಚ್ಚಿಸುವ ಪದ ಅದು. ನಿಮ್ಮ ಕೋಡಿನಲ್ಲಿ ಎಲ್ಲಿ ಸಿಕ್ಕಿದರೂ ಅದು ಯಾಕೆ ಬೇಕಾಯಿತು ಅಂತ ಪಕ್ಕದಲ್ಲಿ ಬರೆಸಿ, ಇನ್ನೊಬ್ಬರಿಂದ ಓದಿಸಿ.