ನಲವತ್ತು ಸಾವಿರದ ಯಂತ್ರ ಮತ್ತು ಅವ್ವನ ಕೌದಿ

ಧಾರವಾಡದ ನಮ್ಮ ಮನೆಯಲ್ಲಿ ಕೆಲವು ಕಾಲ ಎರಡು ಹೊಲಿಗೆ ಯಂತ್ರಗಳಿದ್ದವು. ಒಂದು, ಅವ್ವನ ಮದುವೆಯ ಕಾಲದ, ಕಾಲಿನಿಂದ ತುಳಿಯುವ ಉಷಾ. ಇನ್ನೊಂದು, ಆರು ವರ್ಷಗಳ ಹಿಂದೆ ನಾನು 40,000 ರೂಪಾಯಿ ಕೊಟ್ಟು ತಂದ, ಗುಂಡಿ ಒತ್ತಿದರೆ 100 ಬಗೆಯ ಹೊಲಿಗೆ ಹಾಕುವ ವಿದ್ಯುತ್ ಯಂತ್ರ. ಕೌದಿ ಅಚ್ಚುಕಟ್ಟಾಗಿ ಬರಬೇಕಾದರೆ ದುಬಾರಿ ಯಂತ್ರ ಇರಲೇಬೇಕೆಂದು ಆಗ ನಂಬಿದ್ದೆ.

ಹೊಸ ಯಂತ್ರದಲ್ಲಿ ಹೊಲಿದ ಮೊದಲ ಕೌದಿಗೆ ಹಳೆಯ ಇಳಕಲ್ ಸೀರೆಗಳ ಐದು ಪದರಗಳಿದ್ದವು. ಮೇಲಿನದು ಚೌಕ ತುಂಡುಗಳನ್ನು ಜೋಡಿಸಿದ್ದು. ನಾಲ್ಕು ತುಂಡುಗಳ ಮೂಲೆ ಕೂಡುವಲ್ಲಿ, ಅಂದರೆ ಬಟ್ಟೆ ಮಡಿಕೆಯ ಮೇಲೆ ಮಡಿಕೆಯಾಗಿ ದಪ್ಪಗಿರುವಲ್ಲಿ, ಯಂತ್ರ ಕೀರಲು ದನಿ ತೆಗೆದು ನಿಂತಿತು. ಸೂಜಿ ಮುರಿದು, ಅದರ ತುದಿ ಪದರಗಳೊಳಗೇ ಉಳಿಯಿತು. ಅಯಸ್ಕಾಂತ ಹಿಡಿದು ಅದನ್ನು ಹುಡುಕುವುದರಲ್ಲಿ ಒಂದು ಮಧ್ಯಾಹ್ನ ಕಳೆಯಿತು. ಮಾರಿದವರನ್ನು ಮನಸಾರೆ ಬೈದೆನಾದರೂ ತಪ್ಪು ನನ್ನದೇ ಆಗಿತ್ತು: ತೆಳು ರವಿಕೆಗೆಂದು ಹಾಕಿದ್ದ 11ನೇ ನಂಬರಿನ ಸೂಜಿಯನ್ನು ಬದಲಿಸಿರಲಿಲ್ಲ. 16ನೇ ನಂಬರಿನ ಸೂಜಿ ಹಾಕಿ, ಇಂಚಿಗೆ 12ರಂತೆ ಬೀಳುತ್ತಿದ್ದ ಹೊಲಿಗೆಯನ್ನು 8ಕ್ಕೆ ಇಳಿಸಿ, ದಪ್ಪ ಬಂದಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿ ದಾಟಿಸಿದಾಗ ಎರಡೂ ಯಂತ್ರಗಳು ತಕರಾರಿಲ್ಲದೆ ಹೊಲಿದವು. ಎರಡರ ಹೊಲಿಗೆಯನ್ನೂ ಪಕ್ಕಪಕ್ಕ ಹಿಡಿದು ನೋಡಿದ ಅವ್ವ, “ಇದ್ರಾಗ ನಲವತ್ತು ಸಾವಿರದ್ದು ಯಾವ್ದವಾ?” ಎಂದು ಕೇಳಿದಳು. ನನಗೂ ಗುರುತು ಹತ್ತಲಿಲ್ಲ.

ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂಡುವುದು ಯಂತ್ರದ ಬೆಲೆಯಿಂದಲ್ಲ, ಅಂಚಿನಿಂದ ಹೊಲಿಗೆ ಕಾಲು ಇಂಚು ದೂರದಲ್ಲಿ ಕದಲದೆ ಸಾಗುವುದರಿಂದ. ಒಂದೊಂದು ಜೋಡಣೆಯಲ್ಲಿ ಇಂಚಿನ ಹದಿನಾರನೇ ಒಂದು ಭಾಗ ತಪ್ಪಿದರೂ ಎಂಟು ಜೋಡಣೆಗಳಲ್ಲಿ ಅರ್ಧ ಇಂಚು ಹೋಗುತ್ತದೆ. ಆಮೇಲೆ ಅಂಚುಪಟ್ಟಿಯನ್ನು ಎಷ್ಟು ಎಳೆದು ಕೂಡಿಸಿದರೂ ಕೌದಿ ನೆಲದ ಮೇಲೆ ಸಪಾಟಾಗಿ ಕೂರುವುದಿಲ್ಲ. ನಾನು ಹಳೆಯ ಲಗ್ನಪತ್ರಿಕೆಯೊಂದನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಆರೇಳನ್ನು ಒಂದರ ಮೇಲೊಂದಿಟ್ಟು, ಸೂಜಿಯಿಂದ ಸರಿಯಾಗಿ ಕಾಲು ಇಂಚು ಬಲಕ್ಕೆ ಟೇಪಿನಿಂದ ಅಂಟಿಸಿದ್ದೇನೆ. ಬಟ್ಟೆಯ ಅಂಚು ಆ ಗೋಡೆಗೆ ತಾಗಿಕೊಂಡೇ ಸಾಗುತ್ತದೆ. ಪರೀಕ್ಷೆಗೆ ಎರಡೂವರೆ ಇಂಚು ಅಗಲದ ಮೂರು ಪಟ್ಟಿಗಳನ್ನು ಹೊಲಿದು, ಇಸ್ತ್ರಿ ಮಾಡಿ, ನಡುವಿನದನ್ನು ಅಳೆಯುತ್ತೇನೆ. ಅದು ನಿಖರವಾಗಿ ಎರಡು ಇಂಚು ಬರಬೇಕು. ಬಾರದಿದ್ದರೆ ಪತ್ರಿಕೆಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಹೊಲಿಯುತ್ತೇನೆ.

ಪದರಗಳು ಜಾರುವುದು ಇನ್ನೊಂದು ಕಾಟ. ಇಳಕಲ್ ಸೀರೆಯ ಒಡಲು ಹತ್ತಿಯದಾಗಿದ್ದರೂ ಸೆರಗು ನುಣುಪು; ಎರಡನ್ನೂ ಒಂದೇ ಪದರದಲ್ಲಿ ಬೆರೆಸಿದರೆ ಸೆರಗು ಮುಂದೆ ತಳ್ಳಿಕೊಂಡು ಹೋಗಿ ಸುಕ್ಕಾಗುತ್ತದೆ. ಆದ್ದರಿಂದ ಎಲ್ಲವನ್ನೂ ಮೊದಲೇ ಒಗೆದು ಒಣಗಿಸಿ, ಗೇಣಿಗೊಂದು ಸಾಲಿನಂತೆ ಕೈಯಿಂದ ಕಚ್ಚಾ ಹೊಲಿಗೆ ಹಾಕಿ, ಬಟ್ಟೆಯನ್ನು ಒತ್ತಿ ಹಿಡಿಯುವ ಪಾದದ ಮೇಲಿನ ತಿರುಪನ್ನು ಸ್ವಲ್ಪ ಸಡಿಲಿಸುತ್ತೇನೆ. ಇದಕ್ಕೆ ಖರ್ಚಾಗುವುದು ಸಮಯ ಮಾತ್ರ.

ದೊಡ್ಡ ಯಂತ್ರ ಯಾರಿಗೂ ಬೇಡವೆಂದು ನಾನು ಹೇಳಲಾರೆ. ಉಷಾದಲ್ಲಿ ಸೂಜಿಗೂ ಕಂಬಕ್ಕೂ ನಡುವೆ ಒಂದು ಗೇಣು ಜಾಗವೂ ಇಲ್ಲ; 90 ಇಂಚಿನ ಕೌದಿಯನ್ನು ಸುತ್ತಿ ಅದರೊಳಗೆ ತೂರಿಸುವುದು ಹಾಸಿಗೆಯನ್ನು ಕಿಟಕಿಯಲ್ಲಿ ತುರುಕಿದಂತೆ. ತಿಂಗಳಿಗೆ ಹತ್ತಾರು ಕೌದಿ ಮಾರುವವರಿಗೆ, ಬಟ್ಟೆಯನ್ನು ಎಲ್ಲ ದಿಕ್ಕಿಗೂ ಸರಿಸುತ್ತ ಬಳ್ಳಿ ಬಿಡಿಸುವವರಿಗೆ ಅಗಲವಾದ ಯಂತ್ರ ಖಂಡಿತ ಉಪಯೋಗಕ್ಕೆ ಬರುತ್ತದೆ. ಆದರೆ ಅಲ್ಲಿಯೂ ಬೆಲೆ ಬರುವುದು ಜಾಗಕ್ಕೆ, ನೂರು ಬಗೆಯ ಹೊಲಿಗೆಗಲ್ಲ. ಅಮೆರಿಕದ ಕೌದಿಗಾರ್ತಿಯರು ಇಂದಿಗೂ ಹುಡುಕಿ ಕೊಳ್ಳುವ, 1933ರಲ್ಲಿ ಬಂದ ಪುಟ್ಟ ಸಿಂಗರ್ 221 ನೇರ ಹೊಲಿಗೆಯೊಂದನ್ನೇ ಹಾಕುತ್ತದೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿಗೆ ಅದೂ ಬೇಕಿಲ್ಲ: ಅಂಚಿನಿಂದ ಹಿಡಿದು ಸುತ್ತುತ್ತ ನಡುವಿನವರೆಗೆ ಎಲ್ಲವೂ ಕೈಹೊಲಿಗೆ.

ವಿದ್ಯುತ್ ಯಂತ್ರವನ್ನು ಎರಡು ವರ್ಷ ಇಟ್ಟುಕೊಂಡು, ನೇರ ಹೊಲಿಗೆಯ ಹೊರತು ಬೇರೇನನ್ನೂ ಬಳಸದೆ, ಅರ್ಧ ಬೆಲೆಗೆ ಮಾರಿದೆ. ಆ ಹಣದಲ್ಲಿ ಭಾರವಾದ ಇಸ್ತ್ರಿಪೆಟ್ಟಿಗೆ, ಒಳ್ಳೆಯ ಕತ್ತರಿ ಮತ್ತು ಹತ್ತಿಯ ನೂಲು ಬಂದವು. ಈಗ ದೊಡ್ಡ ಕೌದಿಯನ್ನು ಉದ್ದಕ್ಕೆ ಮೂರು ಭಾಗ ಮಾಡಿ, ಒಂದೊಂದನ್ನೂ ಉಷಾದಲ್ಲಿ ಪೂರ್ತಿ ಹೊಲಿದ ಮೇಲೆ ಜೋಡಿಸಿ, ಜೋಡಣೆಯ ಮೇಲೆ ಪಟ್ಟಿ ಕೂಡಿಸುತ್ತೇನೆ. ಆ ಪಟ್ಟಿಯ ಕೈಹೊಲಿಗೆಯನ್ನು ಮಾತ್ರ ಅವ್ವ ನನಗೆ ಬಿಟ್ಟುಕೊಡುವುದಿಲ್ಲ.